ಮಂಚದ ಕೆಳಗಿನ ಅತಿಥಿ

ಕಳೆದ ಜುಲೈ ತಿಂಗಳ ಒಂದು ಶನಿವಾರ ಸಂಜೆ ಮೈಸೂರಿನ ನಮ್ಮ ಮನೆಗೆ ಒಬ್ಬಳು ಅತಿಥಿ ಬಂದಳು. ಬಂದವಳು ನೀರು ಕುಡಿಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ನೇರವಾಗಿ ಒಳಕೋಣೆಗೆ ನುಗ್ಗಿ, ಮಂಚದ ಕೆಳಗೆ ಹೋಗಿ, ಗೋಡೆಗೆ ಅಂಟಿಕೊಂಡು ಕೂತುಬಿಟ್ಟಳು. ಮೂರು ದಿನ ನಮಗೆ ಕಂಡದ್ದು ಕತ್ತಲಲ್ಲಿ ಹೊಳೆಯುವ ಎರಡು ಕಣ್ಣುಗಳು ಮಾತ್ರ.

ಮಕ್ಕಳೇ, ನೀವು ಊಹಿಸಿದ್ದು ಸರಿ. ಅವಳು ಬೆಕ್ಕು. ಬಿಳಿ ಮೈಮೇಲೆ ಕಪ್ಪು ಮತ್ತು ಕೆಂಚು ಮಚ್ಚೆಗಳು. ಹೀಗೆ ಮೂರು ಬಣ್ಣ ಒಟ್ಟಿಗೆ ಇರುವ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಆಗಿರುತ್ತದೆ; ಗಂಡು ಸಿಗುವುದು ಬಹಳ ಅಪರೂಪ. ಬಣ್ಣ ನೋಡಿ ನನ್ನ ಮೊಮ್ಮಗಳು ಪುಟ್ಟಿ ಅವಳಿಗೆ 'ರಂಗೋಲಿ' ಅಂತ ಹೆಸರಿಟ್ಟಳು. ಎರಡೇ ದಿನದಲ್ಲಿ ಅದು 'ರಂಗಿ' ಆಯಿತು.

ರಂಗಿ ಅಂಗಡಿಯಿಂದ ಕೊಂಡು ತಂದ ಬೆಕ್ಕಲ್ಲ. ಮಳೆಯ ರಾತ್ರಿಯಲ್ಲಿ ಮಾರುಕಟ್ಟೆಯ ಪಕ್ಕದ ಚರಂಡಿಯಲ್ಲಿ, ಹಿಂಗಾಲಿಗೆ ಪೆಟ್ಟಾಗಿ ಬಿದ್ದಿದ್ದವಳು. ಬೀದಿಪ್ರಾಣಿಗಳನ್ನು ನೋಡಿಕೊಳ್ಳುವ ಕೆಲವು ಹುಡುಗ ಹುಡುಗಿಯರು ಎತ್ತಿಕೊಂಡು ಹೋಗಿ ಔಷಧ ಮಾಡಿಸಿ, ಲಸಿಕೆ ಹಾಕಿಸಿ, ಮರಿ ಹಾಕದಂತೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದ್ದರು. ಅವಳ ಎಡಕಿವಿಯ ತುದಿ ಕತ್ತರಿ ಹಾಕಿದ ಹಾಗೆ ನೇರವಾಗಿ ತುಂಡಾಗಿತ್ತು. 'ಯಾರು ಕಚ್ಚಿದ್ದು ತಾತ?' ಅಂತ ಪುಟ್ಟಿ ಕಣ್ಣಲ್ಲಿ ನೀರು ತಂದುಕೊಂಡಳು. ಯಾರೂ ಕಚ್ಚಿದ್ದಲ್ಲ. ಬೀದಿಬೆಕ್ಕಿಗೆ ಶಸ್ತ್ರಚಿಕಿತ್ಸೆ ಮಾಡಿದಾಗ, ಅದಿನ್ನೂ ಎಚ್ಚರವಾಗುವ ಮೊದಲೇ ಕಿವಿಯ ತುದಿಯನ್ನು ಒಂದಿಷ್ಟು ತೆಗೆಯುತ್ತಾರೆ. ಮತ್ತೆ ಯಾರಾದರೂ ಹಿಡಿದರೆ ದೂರದಿಂದಲೇ ತಿಳಿಯಲಿ, ಎರಡನೇ ಸಲ ಹೊಟ್ಟೆ ಕೊಯ್ಯದಿರಲಿ ಅಂತ. ನಮ್ಮ ಬ್ಯಾಂಕಿನಲ್ಲಿ ಪಾವತಿಯಾದ ಚೆಕ್ಕಿನ ಮೇಲೆ ಮೊಹರು ಒತ್ತುತ್ತಿದ್ದೆವಲ್ಲ, ಹಾಗೆ.

ಪುಟ್ಟಿಯ ವಿಷಯವನ್ನೂ ಒಂದು ಮಾತು ಹೇಳಬೇಕು. ಅವಳಿಗೆ ಒಂಬತ್ತು ವರ್ಷ. ಅಪ್ಪ ಅಮ್ಮ ಕೆಲಸದ ಮೇಲೆ ಒಂದು ವರ್ಷ ಹೊರದೇಶಕ್ಕೆ ಹೋಗಬೇಕಾಗಿ ಬಂದು, ಮೇ ಕೊನೆಯಲ್ಲಿ ಅವಳು ಬೆಂಗಳೂರಿನಿಂದ ನಮ್ಮಲ್ಲಿಗೆ ಬಂದಳು. ಹೊಸ ಮನೆ, ಹೊಸ ಶಾಲೆ. ಮಾತು ಕಡಿಮೆ, ಊಟ ಇನ್ನೂ ಕಡಿಮೆ. ಜೂನ್ ಪೂರ್ತಿ ಹಾಗೇ ಕಳೆಯಿತು. ಒಂದು ದಿನ ಇದ್ದಕ್ಕಿದ್ದ ಹಾಗೆ 'ತಾತ, ಒಂದು ಬೆಕ್ಕು ಸಾಕೋಣ್ವಾ?' ಅಂದಳು. ಅವಳು ಬಂದ ಮೇಲೆ ತಾನಾಗಿ ಕೇಳಿದ ಮೊದಲ ವಸ್ತು ಅದು. ನನ್ನ ಹೆಂಡತಿಯ ಮುಖ ನೋಡಿದೆ. 'ಅಡುಗೆಮನೆಗೆ ಬರಕೂಡದು, ಅಷ್ಟೇ' ಅಂದಳು. ಮಂಜೂರಾತಿ ಸಿಕ್ಕಿತು.

ರಂಗಿಯನ್ನು ತಂದುಕೊಟ್ಟ ಹುಡುಗಿ ಹೊರಡುವಾಗ ನನಗೆ ಪಾಠ ಹೇಳಿದಳು. 'ಅಂಕಲ್, ಇಡೀ ಮನೆ ಒಟ್ಟಿಗೆ ಕೊಡಬೇಡಿ. ಒಂದೇ ರೂಮ್ ಕೊಡಿ. ಮೂರು ದಿನ, ಮೂರು ವಾರ, ಮೂರು ತಿಂಗಳು, ಇದನ್ನ ನೆನಪಿಟ್ಟುಕೊಳ್ಳಿ.' ಮೊದಲ ಮೂರು ದಿನ ಭಯ ಇಳಿಯುವುದಕ್ಕೆ, ಮೂರು ವಾರ ಮನೆಯ ದಿನಚರಿ ಕಲಿಯುವುದಕ್ಕೆ, ಮೂರು ತಿಂಗಳು 'ಇದು ನನ್ನ ಮನೆ' ಅನ್ನಿಸುವುದಕ್ಕೆ. ಇದು ಅಂದಾಜಿನ ಲೆಕ್ಕ, ಅಷ್ಟೇ. ಕೆಲವು ಬೆಕ್ಕು ಒಂದೇ ದಿನದಲ್ಲಿ ಸೋಫಾ ಹತ್ತುತ್ತದೆ, ಕೆಲವು ಆರು ತಿಂಗಳು ತೆಗೆದುಕೊಳ್ಳುತ್ತದೆ. ನಾನು ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಳ್ಳುವುದು ಬೇರೆ, ನಡೆಯುವುದು ಬೇರೆ ಅನ್ನುವುದು ಆಮೇಲೆ ಗೊತ್ತಾಯಿತು.

ಒಳಕೋಣೆಯನ್ನು ಪುಟ್ಟಿಯೂ ನಾನೂ ಸೇರಿ ಸಿದ್ಧ ಮಾಡಿದೆವು. ಒಂದು ಮೂಲೆಯಲ್ಲಿ ಅಗಲವಾದ ಪ್ಲಾಸ್ಟಿಕ್ ಟ್ರೇ, ಅದರಲ್ಲಿ ಮೂರು ಬೆರಳಿನಷ್ಟು ಮರಳು. ಬೆಕ್ಕಿಗೆ ಇದನ್ನು ಕಲಿಸಬೇಕಾಗಿಲ್ಲ. ಕೆದಕಿ ಮುಚ್ಚುವುದು ಹುಟ್ಟುಗುಣ. ಅದರ ಎದುರು ಮೂಲೆಯಲ್ಲಿ ಊಟದ ತಟ್ಟೆ, ನೀರಿನ ಬಟ್ಟಲು. ಬಚ್ಚಲಿನ ಪಕ್ಕದಲ್ಲಿ ಎಲೆ ಹಾಕಿದರೆ ನಾವು ಉಣ್ಣುತ್ತೇವೆಯೇ? ಬೆಕ್ಕೂ ಉಣ್ಣುವುದಿಲ್ಲ.

ಮೂರನೆಯದು ಒಂದು ರಟ್ಟಿನ ಪೆಟ್ಟಿಗೆ. ಹೊಸ ಮಿಕ್ಸಿ ಬಂದಿದ್ದ ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ, ಒಳಗೆ ಪುಟ್ಟಿಯ ಹಳೇ ಫ್ರಾಕ್ ಒಂದನ್ನು ಹಾಸಿದೆವು. ಇದೇನು ಮಕ್ಕಳಾಟ ಅನ್ನಬೇಡಿ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಪ್ರಾಣಿಗಳ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ ಬೆಕ್ಕುಗಳನ್ನು ಗಮನಿಸಿ 2014ರಲ್ಲಿ ಒಂದು ವರದಿ ಪ್ರಕಟಿಸಿದರು. ಅಡಗಿಕೊಳ್ಳಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳ ಆತಂಕ, ಪೆಟ್ಟಿಗೆ ಇಲ್ಲದವುಗಳಿಗಿಂತ ಬೇಗ ಕಡಿಮೆಯಾಯಿತಂತೆ. ಅಡಗುವುದಕ್ಕೆ ಜಾಗವಿದೆ ಅನ್ನುವ ಧೈರ್ಯವಿದ್ದರೆ ಹೊರಗೆ ಬರುವುದಕ್ಕೂ ಧೈರ್ಯ ಬರುತ್ತದೆ.

ಇನ್ನು ಊಟ. ನಮ್ಮದು ಸಸ್ಯಾಹಾರಿ ಮನೆ. ಬೆಕ್ಕು ಅಂದರೆ ಹಾಲು, ಮೊಸರನ್ನ ಅಂತ ನಾನೂ ನಂಬಿದ್ದೆ. ಪಶುವೈದ್ಯರು ನಕ್ಕರು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿಹಾಲಿನಲ್ಲಿ ಮೂತಿ ಸುಟ್ಟುಕೊಂಡು ಹಾಲು ಕಂಡರೆ ಓಡುತ್ತಿತ್ತಲ್ಲ, ಅದಕ್ಕೆ ಒಳ್ಳೆಯದೇ ಆಯಿತು ಅನ್ನಬೇಕು. ಬೆಕ್ಕಿಗೆ ಟಾರಿನ್ ಅನ್ನುವ ಒಂದು ಸತ್ವ ಬೇಕೇ ಬೇಕು. ಅದು ಮಾಂಸ, ಮೀನುಗಳಲ್ಲಿ ಇರುತ್ತದೆ, ಅನ್ನ ಬೇಳೆಯಲ್ಲಿ ಇಲ್ಲ. ಅದು ಸಾಲದೆ ಹೋದರೆ ಬೆಕ್ಕಿನ ಕಣ್ಣೂ ಹಾಳು, ಹೃದಯವೂ ಹಾಳು. ಬರೀ ಮೊಸರನ್ನ ಹಾಕಿ ಬೆಕ್ಕು ಸಾಕುವುದು ಅದಕ್ಕೆ ಮಾಡುವ ಉಪಕಾರವಲ್ಲ.

ಮನೆಯಲ್ಲಿ ಒಂದು ಸಣ್ಣ ಸಭೆ ನಡೆಯಿತು. ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದರ ಧರ್ಮ ಅದಕ್ಕೆ, ನಮ್ಮ ಧರ್ಮ ನಮಗೆ. ಡಬ್ಬ ಮಾತ್ರ ಹಿತ್ತಲ ಕಡೆಯ ಕಪಾಟಿನಲ್ಲಿ ಇರಲಿ' ಅಂದಳು. ಬೆಕ್ಕಿಗೆಂದೇ ಮಾಡಿದ ಒಣ ಆಹಾರ ತಗಡಿನ ಡಬ್ಬ ಸೇರಿತು. ಅದಕ್ಕೆ ಬೇರೆ ಚಮಚ, ಬೇರೆ ತಟ್ಟೆ. ಮಕ್ಕಳೇ, ಇನ್ನೊಂದು ವಿಷಯ: ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ನಿಮ್ಮ ಮೈಸೂರುಪಾಕನ್ನು ಅದಕ್ಕೆ ಹಂಚಬೇಡಿ, ದಂಡ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ಅಂತೂ ಅದಕ್ಕೆ ವಿಷ.

ಮೂರು ದಿನ ರಂಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಬಂದು ತಿಂದು ಹೋಗುತ್ತಿದ್ದಳು. ಬೆಳಿಗ್ಗೆ ತಟ್ಟೆ ಖಾಲಿ, ಮರಳು ಕೆದರಿದೆ. ಅದೇ ನಮಗೆ ಸಮಾಚಾರ. ಪುಟ್ಟಿ ಶಾಲೆಯಿಂದ ಬಂದವಳೇ ಆ ಕೋಣೆಯಲ್ಲಿ ನೆಲದ ಮೇಲೆ ಕೂತು, ಮಂಚದ ಕಡೆ ನೋಡದೆ, ಕನ್ನಡ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಹೀಗೆ ಓದಿದರೆ ಬೆಕ್ಕಿಗೆ ನಮ್ಮ ದನಿ ಅಭ್ಯಾಸವಾಗುತ್ತದೆ ಅಂತ ಆ ಹುಡುಗಿ ಹೇಳಿದ್ದಳು. ತರಗತಿಯಲ್ಲಿ ಬಾಯಿ ಬಿಡುವುದಿಲ್ಲ ಅಂತ ಮೇಡಂ ದೂರುತ್ತಿದ್ದ ಮಗು ಇಲ್ಲಿ ಒಂದೂ ಅಕ್ಷರ ತಪ್ಪದೆ ಓದುವುದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿದೆ. ನಾಲ್ಕನೇ ದಿನ ರಂಗಿ ಮಂಚದಿಂದ ಪೆಟ್ಟಿಗೆಗೆ ಬಂದಳು. ಪೆಟ್ಟಿಗೆಯ ಬಾಯಲ್ಲಿ ಎರಡು ಮುಂಗಾಲು ಕಂಡವು. ನಮ್ಮ ಮನೆಯಲ್ಲಿ ಅದೊಂದು ಹಬ್ಬ.

ಐದನೇ ದಿನ ನಾನು ಆ ಹಬ್ಬವನ್ನು ಕೆಡಿಸಿದೆ.

ಅಂದು ನನ್ನ ಹಳೆಯ ಸಹೋದ್ಯೋಗಿ ಒಬ್ಬರು ಬಂದಿದ್ದರು. ಮಾತಿನ ಮಧ್ಯೆ ಬೆಕ್ಕಿನ ಸುದ್ದಿ ಬಂತು. 'ಎಲ್ಲಿ, ತೋರಿಸಿ ನೋಡೋಣ' ಅಂದರು. ನನಗೂ ಜಂಬ. ಒಳಗೆ ಹೋಗಿ, ಪೆಟ್ಟಿಗೆಗೆ ಕೈಹಾಕಿ, ರಂಗಿಯನ್ನು ಎಳೆದು ಎತ್ತಿಕೊಂಡು ಹಾಲ್‌ಗೆ ಬಂದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಸಾವಿರ ಹರ್ಟ್ಸ್‌ವರೆಗಿನ ಶಬ್ದ; ಬೆಕ್ಕಿಗೆ 60 ಸಾವಿರಕ್ಕೂ ಮೇಲೆ ಕೇಳುತ್ತದೆ. ನಮಗೆ ಬರೀ ಸೀಟಿ ಅನ್ನಿಸಿದ್ದು ಅದಕ್ಕೆ ಹೇಗೆ ಕೇಳಿತೋ! ರಂಗಿ ನನ್ನ ಮುಂಗೈಯನ್ನು ಉದ್ದಕ್ಕೆ ಪರಚಿ, ನೆಲಕ್ಕೆ ಹಾರಿ, ತೆರೆದಿದ್ದ ಮುಂಬಾಗಿಲಿನಿಂದ ಹೊರಗೆ ಓಡಿಬಿಟ್ಟಳು.

ಮೊದಲು ಕೈಯ ಮಾತು ಹೇಳಿಬಿಡುತ್ತೇನೆ, ಇದು ಎಲ್ಲರಿಗೂ ಬೇಕಾದದ್ದು. ಬೆಕ್ಕೋ ನಾಯಿಯೋ ಕಚ್ಚಿದರೆ, ಪರಚಿದರೆ, ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬಾರದು. ಆಮೇಲೆ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ರಂಗಿಗೆ ಲಸಿಕೆ ಆಗಿದ್ದರೂ ನಾನು ಹೋದೆ, ಅವರು ಹೇಳಿದ ಚುಚ್ಚುಮದ್ದನ್ನೆಲ್ಲ ತಪ್ಪದೆ ತೆಗೆದುಕೊಂಡೆ. ರೇಬೀಸ್ ಬಂದ ಮೇಲೆ ಮದ್ದಿಲ್ಲ, ಬರುವ ಮುಂಚೆ ಇದೆ. ಮಕ್ಕಳೇ, ಪರಚಿದ್ದನ್ನು ಬೈತಾರೆ ಅಂತ ಮನೆಯಲ್ಲಿ ಮುಚ್ಚಿಡಬೇಡಿ.

ಸಂಜೆ ಪುಟ್ಟಿ ಬಂದಳು. ಖಾಲಿ ಪೆಟ್ಟಿಗೆ ನೋಡಿದಳು. ನನ್ನ ಕೈಯ ಪಟ್ಟಿ ನೋಡಿದಳು. ನಡೆದದ್ದನ್ನು ಹೇಳಿದೆ. ಅವಳು ಅಳಲಿಲ್ಲ. ತುಂಬ ಹೊತ್ತಿನ ಮೇಲೆ ಹೇಳಿದಳು:

'ನಾನು ಬಂದಾಗಲೂ ನೀನು ಹೀಗೇ ಮಾಡಿದ್ದೆ ತಾತ.'

'ಏನು ಮಾಡಿದ್ದೆ ಮರಿ?'

'ಯಾರು ಬಂದರೂ ನನ್ನ ರೂಮಿಂದ ಕರೀತಿದ್ದೆ. ಹಾಡು ಹೇಳು, ಮಗ್ಗಿ ಹೇಳು, ಇಂಗ್ಲಿಷಲ್ಲಿ ಮಾತಾಡಿ ತೋರಿಸು ಅಂತಿದ್ದೆ. ನಂಗೂ ಓಡಿಹೋಗಬೇಕು ಅನ್ನಿಸ್ತಿತ್ತು. ಎಲ್ಲಿಗೆ ಅಂತ ಗೊತ್ತಿರ್ಲಿಲ್ಲ.'

ಮೂವತ್ತಾರು ವರ್ಷ ಕೌಂಟರಿನ ಹಿಂದೆ ಕೂತು ಎಂತೆಂಥವರ ಮಾತಿಗೂ ಉತ್ತರ ಕೊಟ್ಟವನು ನಾನು. ಅಂದು ಉತ್ತರ ಹೊಳೆಯಲಿಲ್ಲ. 'ತಪ್ಪಾಯ್ತು ಪುಟ್ಟಿ' ಅಂದೆ. ನನ್ನ ಹೆಂಡತಿ ಒಳಗಿನಿಂದಲೇ, 'ಕೂತು ಮಾತಾಡ್ತಾ ಇದ್ರೆ ಬೆಕ್ಕು ಬರತ್ತೇನ್ರೀ? ಟಾರ್ಚ್ ತಗೊಳ್ಳಿ' ಅಂದಳು.

ಹೊರಟೆವು. ಆ ಹುಡುಗಿಗೆ ಫೋನ್ ಮಾಡಿದಾಗ ಹೇಳಿದಳು: 'ದೂರ ಹುಡುಕಬೇಡಿ ಅಂಕಲ್. ಹೆದರಿದ ಬೆಕ್ಕು ಸಾಮಾನ್ಯವಾಗಿ ಮನೆಯ ಆಸುಪಾಸಿನಲ್ಲೇ ಎಲ್ಲೋ ನುಸುಳಿ ಕೂತಿರತ್ತೆ. ಕರೆದರೂ ಬಾಯಿ ಬಿಡಲ್ಲ. ಬೀದಿ ಸದ್ದು ಅಡಗಿದ ಮೇಲೆ ನೋಡಿ.' ಅವಳ ಪೆಟ್ಟಿಗೆಯನ್ನು ಫ್ರಾಕಿನ ಸಮೇತ ಹಿತ್ತಲ ಬಾಗಿಲ ಹತ್ತಿರ ಇಟ್ಟೆವು. ಅಕ್ಕಪಕ್ಕದವರ ಕಾರಿನ ಕೆಳಗೆ, ಮೆಟ್ಟಿಲ ಸಂದಿ, ನೀರಿನ ಮೋಟಾರಿನ ಗೂಡು ಎಲ್ಲ ನೋಡಿದೆವು. ಮೊದಲ ರಾತ್ರಿ ಇಲ್ಲ. ಮಾರನೆಯ ದಿನ ಪೂರ್ತಿ ಮಳೆ. ಪುಟ್ಟಿ ಶಾಲೆಗೆ ಹೋದಳು, ಬಂದಳು, ಊಟ ಮುಟ್ಟಲಿಲ್ಲ. ಅವಳ ತಟ್ಟೆ ನೋಡಿ ನಾನೂ ಮುಟ್ಟಲಿಲ್ಲ.

ಎರಡನೆಯ ರಾತ್ರಿ ಹನ್ನೊಂದರ ಮೇಲೆ, ಮಳೆ ನಿಂತ ಹೊತ್ತಿನಲ್ಲಿ, ಪುಟ್ಟಿ ಹಿತ್ತಲ ಮೆಟ್ಟಿಲ ಮೇಲೆ ಕೂತು ತಗಡಿನ ಡಬ್ಬವನ್ನು ಮೆಲ್ಲಗೆ ಅಲ್ಲಾಡಿಸಿದಳು. ಆಮೇಲೆ ಅದೇ ಕನ್ನಡ ಪಾಠವನ್ನು ಓದತೊಡಗಿದಳು. ನಾನು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಎರಡು ಪುಟ ಮುಗಿದಿರಬೇಕು. ಪಕ್ಕದ ಮನೆಯವರ ತೆಂಗಿನ ಗರಿಯ ರಾಶಿಯೊಳಗಿನಿಂದ ಒಂದು ಸಣ್ಣ 'ಮ್ಯಾಂವ್' ಕೇಳಿಸಿತು. ನಮ್ಮ ಗೋಡೆಯಿಂದ ಹತ್ತು ಹೆಜ್ಜೆಯೂ ಇಲ್ಲ! ನನಗೆ ಓಡಿಹೋಗಿ ಹಿಡಿಯಬೇಕು ಅನ್ನಿಸಿತು. ಪುಟ್ಟಿ ತಿರುಗಿ ನೋಡದೆ ಕೈಯಾಡಿಸಿ 'ಬೇಡ' ಅಂದಳು. ಓದುತ್ತಲೇ ಇದ್ದಳು. ರಂಗಿ ಗೋಡೆ ಹತ್ತಿ ಇಳಿದು, ಪೆಟ್ಟಿಗೆಯನ್ನು ಮೂಸಿ, ಅದರೊಳಗೆ ಹೋಗಿ ಕೂತಳು. ಪೆಟ್ಟಿಗೆಯ ಬಾಯಿಗೆ ಟವೆಲ್ ಮುಚ್ಚಿ ಹಾಗೆಯೇ ಒಳಗೆ ತಂದೆವು.

ಮತ್ತೆ ಮೊದಲಿನಿಂದ ಶುರು. ಮಂಚದ ಕೆಳಗೆ, ಎರಡು ಕಣ್ಣು. ಈ ಸಲ ನಾನು ಅವಸರ ಮಾಡಲಿಲ್ಲ. ಕಾರಣ, ನನಗೊಂದು ಹಳೆಯ ಘಟನೆ ನೆನಪಾಯಿತು.

1978ರಲ್ಲಿ ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ಒಬ್ಬ ಅಜ್ಜಿ ವಾರದ ಸಂತೆಯ ದಿನ ಬಂದು ಬಾಗಿಲ ಹತ್ತಿರ ನಿಂತು ನೋಡಿ ಹೋಗುತ್ತಿದ್ದಳು. ಮೂರನೆಯ ಸಂತೆಗೆ ಒಳಗೆ ಬಂದು ಐದು ರೂಪಾಯಿ ಕಟ್ಟಿ ಖಾತೆ ತೆರೆದಳು. ಮುಂದಿನ ವಾರ ಬಂದು, 'ನನ್ನ ದುಡ್ಡು ಕೊಡಪ್ಪ' ಅಂದಳು. ಖಾತೆ ಮುಚ್ಚಿ ಕೊಟ್ಟೆ. ಎಣಿಸಿ ನೋಡಿ, ಮತ್ತೆ ನನ್ನ ಮುಂದೆಯೇ ಇಟ್ಟು, 'ಇರಲಿ, ಕಟ್ಕೋ' ಅಂದಳು. ನನಗೆ ಸಿಟ್ಟು ಬಂತು. ನಮ್ಮ ಮ್ಯಾನೇಜರು ಹೇಳಿದರು: 'ಕೊಡ್ರೀ, ಎಷ್ಟು ಸಲ ಕೇಳಿದರೂ ಕೊಡಿ. ಆಕೆ ದುಡ್ಡು ಎಣಿಸ್ತಾ ಇಲ್ಲ, ನಮ್ಮನ್ನ ಎಣಿಸ್ತಾ ಇದ್ದಾಳೆ.' ಹೀಗೆ ಮೂರು ಸಲ ಆಯಿತು. ನಾಲ್ಕನೆಯ ಸಲ ಸೀರೆಯ ಮಡಿಲಿನಿಂದ ಒಂದು ಗಂಟು ತೆಗೆದು ಕೌಂಟರಿನ ಮೇಲೆ ಇಟ್ಟಳು. ಇಡೀ ಜೀವಮಾನದ ಉಳಿತಾಯ.

ರಂಗಿಯೂ ನಮ್ಮನ್ನು ಎಣಿಸುತ್ತಿದ್ದಳು. ಹೊತ್ತಿಗೆ ಸರಿಯಾಗಿ ಊಟ ಬರುತ್ತದೆಯೇ? ಪೆಟ್ಟಿಗೆಗೆ ಯಾರೂ ಕೈಹಾಕುವುದಿಲ್ಲವೇ? ಬೇಡವೆಂದು ಎದ್ದುಹೋದರೆ ಬಿಡುತ್ತಾರೆಯೇ? ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ತಟ್ಟೆ. ಬ್ಯಾಂಕಿನ ಬಾಗಿಲು ತೆರೆದ ಹಾಗೆ, ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ.

ಪುಟ್ಟಿ ನನಗೆ ಇನ್ನೊಂದು ವಿದ್ಯೆ ಕಲಿಸಿದಳು. ಬೆಕ್ಕನ್ನು ದುರುಗುಟ್ಟಿ ನೋಡಬಾರದು. ಕಣ್ಣನ್ನು ಅರ್ಧ ಕಿರಿದು ಮಾಡಿ, ನಿದ್ದೆ ಬಂದವರ ಹಾಗೆ ನಿಧಾನವಾಗಿ ಮುಚ್ಚಿ ತೆರೆಯಬೇಕು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷೆ ಮಾಡಿಯೇ ಹೇಳಿದ್ದಾರೆ: ಹೀಗೆ ಮಾಡಿದವರಿಗೆ ಬೆಕ್ಕುಗಳೂ ಕಣ್ಣು ಮಿಟುಕಿಸಿ ಉತ್ತರ ಕೊಡುವುದು ಹೆಚ್ಚು, ಅವರು ಚಾಚಿದ ಕೈಯ ಹತ್ತಿರ ಬರುವುದೂ ಹೆಚ್ಚು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಅಂತ ಗಾದೆ ಮಾಡಿ ನಾವು ಅದನ್ನು ಕಳ್ಳನ ಸಾಲಿಗೆ ಸೇರಿಸಿದೆವು. ಅದು ಕಣ್ಣು ಮುಚ್ಚುವುದು ನಂಬಿಕೆಯಿಂದಲೂ ಇರಬಹುದು. ಹದಿನಾರನೇ ದಿನ ರಂಗಿ ನನಗೆ ಕಣ್ಣು ಮಿಟುಕಿಸಿದಳು. ಇಪ್ಪತ್ತನೇ ದಿನ ಕೆನ್ನೆಯನ್ನು ನನ್ನ ಕಾಲಿಗೆ ಉಜ್ಜಿದಳು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಉಜ್ಜಿ ತನ್ನ ಗುರುತು ಹಚ್ಚುತ್ತದೆ. ನನಗೂ ಮೊಹರು ಬಿತ್ತು.

ಆಮೇಲೆ ಕೋಣೆಯ ಬಾಗಿಲು ತೆರೆದೆವು. ತೆರೆಯುವ ಮುಂಚೆ ಮಾಡಿದ ಕೆಲವು ಏರ್ಪಾಡು ನನ್ನ ಓರಗೆಯ ಅಜ್ಜ ಅಜ್ಜಿಯರಿಗೆ ಮುಖ್ಯ. ನಮ್ಮ ಮಾತ್ರೆಗಳು ಮೇಜಿನ ಮೇಲೆ ಬಿದ್ದಿರುತ್ತವಲ್ಲ, ಅವನ್ನೆಲ್ಲ ಮುಚ್ಚಳವಿರುವ ಡಬ್ಬಕ್ಕೆ ಹಾಕಿದೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನೆಲ ಒರೆಸುವ ಫಿನಾಯಿಲೂ ಕೆಟ್ಟದ್ದು. ಬೆಕ್ಕು ಅದನ್ನು ತುಳಿದು, ಆಮೇಲೆ ಪಾದ ನೆಕ್ಕುತ್ತದೆ. ಈಗ ಬರೀ ನೀರಿಗೆ ಒಂದಿಷ್ಟು ಸೋಪು. ಬೀರುವಿನ ನ್ಯಾಫ್ತಲಿನ್ ಗುಂಡುಗಳೂ ಹೋದವು. ರಾತ್ರಿ ಎದ್ದಾಗ ಕಾಲಿಗೆ ಬೆಕ್ಕು ಸಿಕ್ಕಿ ನಾವು ಬೀಳಬಾರದಲ್ಲ, ಅದಕ್ಕೆ ಹಜಾರದಲ್ಲಿ ಒಂದು ಸಣ್ಣ ದೀಪ. ಮುಂಬಾಗಿಲಿಗೆ ಪುಟ್ಟಿ ಬರೆದ ಕಾಗದ: 'ಬಾಗಿಲು ಹಾಕಿದ್ದೀರಾ ತಾತ?' ಬೇರೆ ಯಾರ ಹೆಸರೂ ಇಲ್ಲ ಅದರಲ್ಲಿ.

ಮೂರು ತಿಂಗಳಿಗೆ ದಸರೆ ಬಂತು. ಹಾಲ್‌ನಲ್ಲಿ ಗೊಂಬೆ ಕೂರಿಸಿದೆವು. ಸಂಜೆ ನೆಂಟರು, ಅಕ್ಕಪಕ್ಕದ ಹೆಂಗಸರು, ಮಕ್ಕಳು. ಗದ್ದಲ ಕೇಳಿ ರಂಗಿ ಮಂಚದ ಕೆಳಗೆ ಹೋದಳು. 'ಎಲ್ಲೇ ನಿಮ್ಮ ಬೆಕ್ಕು, ತೋರಿಸೇ' ಅಂತ ಮಕ್ಕಳು ಪುಟ್ಟಿಯನ್ನು ಮುತ್ತಿದರು. 'ಅವಳಿಗೆ ಇಷ್ಟ ಆದಾಗ ಬರ್ತಾಳೆ' ಅಂದಳು.

ಅಷ್ಟರಲ್ಲಿ ಹಿರಿಯರೊಬ್ಬರು, 'ಪುಟ್ಟಿ, ಗೊಂಬೆ ಮುಂದೆ ಒಂದು ಹಾಡು ಹೇಳಮ್ಮ' ಅಂದರು. ಪುಟ್ಟಿಯ ಕಣ್ಣು ನನ್ನ ಕಡೆ ಹೊರಳಿತು.

'ಅವಳಿಗೆ ಇಷ್ಟ ಆದಾಗ ಹೇಳ್ತಾಳೆ' ಅಂದೆ.

ಅವರು ನಕ್ಕು ಸುಮ್ಮನಾದರು. ಕೋಸಂಬರಿ ಹಂಚಿದ್ದಾಯಿತು, ಎಲ್ಲರೂ ಹೋದರು. ಒಂಬತ್ತೂವರೆಗೆ ರಂಗಿ ಹೊರಗೆ ಬಂದು, ಗೊಂಬೆಗಳನ್ನು ಒಂದೊಂದಾಗಿ ಮೂಸಿ, ಕೆಳಗಿನ ಮೆಟ್ಟಿಲಿನಲ್ಲಿ ಶೆಟ್ಟಿ ಗೊಂಬೆಯ ಪಕ್ಕ ಮುದುಡಿ ಕೂತಳು. ಪುಟ್ಟಿ ಅವಳ ಎದುರಿಗೆ ಚಾಪೆಯ ಮೇಲೆ ಕೂತು, ಯಾರೂ ಕೇಳದೆಯೇ, ಮೆಲ್ಲಗೆ ಒಂದು ಹಾಡು ಶುರು ಮಾಡಿದಳು. ನಾನು ಪೇಪರು ಓದುವವನ ಹಾಗೆ ಕೂತಿದ್ದೆ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಕೈಯಲ್ಲಿ ಹಿಡಿದೇ ನಿಂತಿದ್ದಳು. ಹಾಡು ಮುಗಿಯುವವರೆಗೂ ಮನೆಯಲ್ಲಿ ಯಾರೂ ಸದ್ದು ಮಾಡಲಿಲ್ಲ, ರಂಗಿಯ ಗುರುಗುರು ಒಂದನ್ನು ಬಿಟ್ಟು.

ನಿಮ್ಮ ಮನೆಗೂ ಹೊಸಬರು ಯಾರಾದರೂ ಬಂದಿದ್ದರೆ, ನಾಲ್ಕು ಕಾಲಿನವರಾಗಲಿ ಎರಡು ಕಾಲಿನವರಾಗಲಿ, ಹೊತ್ತಿಗೆ ಊಟ ಇಡಿ, ಅಡಗಲು ಒಂದು ಮೂಲೆ ಕೊಡಿ, ಬಾಗಿಲು ಹಾಕಿದೆಯೇ ನೋಡಿಕೊಳ್ಳಿ. ಉಳಿದದ್ದನ್ನು ಅವರಿಗೆ ಬಿಡಿ.